ಮೊದಲು ಯೋಚಿಸಬೇಕಾದವರು ಯಾರು, ಮಕ್ಕಳೋ ಎಐಯೋ?

ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ 2023ರಲ್ಲಿ ಒಂದು ಪ್ರಯೋಗ ನಡೆಯಿತು. ಹೆಚ್ಚುಕಡಿಮೆ 1,000 ಮಕ್ಕಳು, ಗಣಿತದ ತರಗತಿ. ಮೊದಲು ಟೀಚರ್ ಪಾಠ ಮಾಡುತ್ತಾರೆ. ಆಮೇಲೆ ಮಕ್ಕಳು ಲೆಕ್ಕ ಬಿಡಿಸಿ ಅಭ್ಯಾಸ ಮಾಡುತ್ತಾರೆ. ಕೊನೆಗೆ ಯಾರ ಸಹಾಯವೂ ಇಲ್ಲದೆ ಪರೀಕ್ಷೆ ಬರೆಯುತ್ತಾರೆ. ವ್ಯತ್ಯಾಸ ಇದ್ದದ್ದು ನಡುವಿನ ಅಭ್ಯಾಸದಲ್ಲಿ ಮಾತ್ರ. ಒಂದು ಗುಂಪಿನ ಹತ್ತಿರ ಪುಸ್ತಕ, ನೋಟ್ಸ್ ಅಷ್ಟೇ. ಎರಡನೇ ಗುಂಪಿಗೆ ಚಾಟ್‌ಜಿಪಿಟಿಯಂಥ ಒಂದು ಎಐ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವಂಥದ್ದು. ಮೂರನೇ ಗುಂಪಿಗೂ ಅದೇ ಎಐ. ಆದರೆ ಅದಕ್ಕೆ ಉತ್ತರ ಬಿಟ್ಟುಕೊಡಬೇಡ, ಸುಳಿವು ಮಾತ್ರ ಕೊಡು ಎಂದು ಮೊದಲೇ ತಾಕೀತು ಮಾಡಿದ್ದರು.

ಅಭ್ಯಾಸದಲ್ಲಿ ಎಐ ಇದ್ದವರೇ ಮುಂದೆ. ನೋಟ್ಸ್ ಗುಂಪಿಗಿಂತ ಎರಡನೇ ಗುಂಪು ಶೇ 48ರಷ್ಟು, ಮೂರನೇ ಗುಂಪು ಶೇ 127ರಷ್ಟು ಚೆನ್ನಾಗಿ ಮಾಡಿತು. ಆಮೇಲೆ ಎಐ ತೆಗೆದಿಟ್ಟು ಪರೀಕ್ಷೆಗೆ ಕೂರಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಪಡೆದಿದ್ದ ಗುಂಪು, ಎಐಯ ಮುಖವನ್ನೇ ನೋಡದ ಗುಂಪಿಗಿಂತ ಶೇ 17ರಷ್ಟು ಹಿಂದೆ ಬಿತ್ತು. ಸುಳಿವು ಮಾತ್ರ ಪಡೆದಿದ್ದ ಮಕ್ಕಳು ಹಾಗೆ ಬೀಳಲಿಲ್ಲ. ಆದರೆ ಅವರೂ ನೋಟ್ಸ್ ಗುಂಪನ್ನು ಮೀರಿಸಲಿಲ್ಲ. ಅಭ್ಯಾಸದಲ್ಲಿ ಕಂಡ ಆ ದೊಡ್ಡ ಜಿಗಿತ ಪರೀಕ್ಷೆಯ ಹೊತ್ತಿಗೆ ಕರಗಿಹೋಗಿತ್ತು.

ನನ್ನನ್ನು ಜಾಸ್ತಿ ಕಾಡಿದ್ದು ಇದರೊಳಗಿನ ಇನ್ನೊಂದು ಅಂಶ. ಹಿಂದೆ ಬಿದ್ದ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆ ಅಂತ ಅನ್ನಿಸಿಯೇ ಇರಲಿಲ್ಲ. ಲೆಕ್ಕ ಕಣ್ಣೆದುರೇ ಬಿಡಿಸಿಕೊಂಡಿತ್ತು, ಹಂತ ಹಂತವಾಗಿ ಓದಿದ್ದರು, ತಲೆಯಾಡಿಸಿದ್ದರು. ಅರ್ಥವಾಯಿತು ಅನ್ನಿಸಿತ್ತು. ಈ ‘ಅನ್ನಿಸುವುದು’ ಮತ್ತು ನಿಜವಾಗಿ ತಿಳಿದಿರುವುದು ಬೇರೆ ಬೇರೆ ಎಂದು ಗುರುತಿಸುವ ಶಕ್ತಿಯೇ ಅಲ್ವಾ ವಿಮರ್ಶಾತ್ಮಕ ಚಿಂತನೆಯ ಮೊದಲ ಮೆಟ್ಟಿಲು?

ಎಐ ಮಕ್ಕಳ ಯೋಚನಾಶಕ್ತಿಯನ್ನು ಬೆಳೆಸುತ್ತದೋ ಕೊಲ್ಲುತ್ತದೋ ಎಂದು ಎರಡು ಬಣಗಳು ಜಗಳ ಆಡುತ್ತಲೇ ಇವೆ. ನನಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ. ಮೇಲಿನ ಪ್ರಯೋಗದಲ್ಲಿ ಎರಡೂ ಗುಂಪಿನ ಎಐ ಒಳಗೊಳಗೆ ಒಂದೇ. ಮುಖ್ಯವಾಗಿ ಬೇರೆಯಾಗಿದ್ದದ್ದು ಸರದಿ. ಒಂದು ಕಡೆ ಎಐ ಮೊದಲು ಯೋಚಿಸಿತು, ಮಗು ಅದನ್ನು ಓದಿತು. ಇನ್ನೊಂದು ಕಡೆ ಮಗು ಮೊದಲು ತಿಣುಕಾಡಿತು, ಎಐ ಆಮೇಲೆ ಬಂತು. ನಾನು ಹೇಳಬೇಕೆಂದಿರುವುದು ಈ ಸರದಿಯ ಬಗ್ಗೆಯೇ.

ಇದಕ್ಕೆ ಬೇರೆ ಕಡೆಯಿಂದಲೂ ಸೂಚನೆಗಳಿವೆ. ಮೈಕ್ರೋಸಾಫ್ಟ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ 319 ಉದ್ಯೋಗಿಗಳ ಸಮೀಕ್ಷೆ ಪ್ರಕಟಿಸಿದರು. ಎಐ ಮೇಲೆ ನಂಬಿಕೆ ಜಾಸ್ತಿ ಇದ್ದವರು ಅದರ ಉತ್ತರವನ್ನು ಒರೆಗೆ ಹಚ್ಚುವುದು ಕಡಿಮೆ ಎಂದು ಕಂಡಿತು. ತಮ್ಮ ಕೆಲಸದ ಮೇಲೆ ತಮಗೇ ನಂಬಿಕೆ ಇದ್ದವರು ಹೆಚ್ಚು ಪರೀಕ್ಷಿಸಿ ನೋಡುತ್ತಿದ್ದರು. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 54 ಜನರಿಂದ, ಕೆಲವರಿಗೆ ಎಐ ಕೊಟ್ಟು ಕೆಲವರಿಗೆ ಕೊಡದೆ, ಪ್ರಬಂಧ ಬರೆಸಿ ಮಿದುಳಿನ ಚಟುವಟಿಕೆ ಅಳೆದರು. ‘ಚಾಟ್‌ಜಿಪಿಟಿ ಮಿದುಳನ್ನು ಹಾಳು ಮಾಡುತ್ತದೆ’ ಎಂಬ ತಲೆಬರಹದೊಂದಿಗೆ ಆ ಸುದ್ದಿ ಎಲ್ಲ ಕಡೆ ಓಡಾಡಿತು. ಅಧ್ಯಯನ ಹಾಗೆ ಹೇಳಿರಲಿಲ್ಲ. ಅದು ಚಿಕ್ಕದು, ಸುದ್ದಿಯಾದಾಗ ಬೇರೆ ತಜ್ಞರ ಪರಿಶೀಲನೆಯೂ ಆಗಿರಲಿಲ್ಲ. ಕೊನೆಯ ಸುತ್ತಿಗೆ ಬಂದವರು ಬರೀ 18 ಜನ. ಆದರೂ ಆ ಸುತ್ತು ಕುತೂಹಲ ಹುಟ್ಟಿಸುತ್ತದೆ. ಮೊದಲು ಸ್ವಂತವಾಗಿ ಬರೆದು ಆಮೇಲೆ ಎಐ ಕೈಗೆ ತೆಗೆದುಕೊಂಡವರು ಒಂದು ರೀತಿ, ಮೊದಲಿನಿಂದಲೂ ಎಐ ಜೊತೆ ಬರೆದು ಆಮೇಲೆ ಒಂಟಿಯಾದವರು ಇನ್ನೊಂದು ರೀತಿ. ಮೊದಲನೆಯವರ ಮಿದುಳು ಹೆಚ್ಚು ಚುರುಕಾಗಿ ತೊಡಗಿಕೊಂಡಿತ್ತು. ಇಷ್ಟು ಸಣ್ಣ ಗುಂಪಿನಿಂದ ದೊಡ್ಡ ತೀರ್ಮಾನಕ್ಕೆ ಬರುವುದು ತಪ್ಪು. ಆದರೆ ಇದೂ ತೋರಿಸುತ್ತಿರುವುದು ಸರದಿಯ ಕಡೆಗೇ.

ವಿಮರ್ಶಾತ್ಮಕ ಚಿಂತನೆ ಎಂಬ ಹೆಸರು ಭಾರವಾಗಿದೆ. ಮಾತು ಹಳೆಯದು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಹೇಳಿದ್ದನ್ನು ಹಾಗೇ ನುಂಗದೆ, ಯಾರು ಹೇಳಿದರು, ಆಧಾರ ಏನು, ಬೇರೆ ವಿವರಣೆ ಇರಬಹುದಾ, ನಾನೇ ತಪ್ಪಿರಬಹುದಾ ಎಂದು ಕೇಳಿಕೊಳ್ಳುವುದು. ಅಮೆರಿಕದ ಚಿಂತಕ ಜಾನ್ ಡ್ಯೂಯಿ 1910ರಲ್ಲೇ ಇದರ ತಿರುಳು ಹಿಡಿದಿದ್ದರು. ಅನುಮಾನ ಬಂದಾಗ ತಟ್ಟನೆ ತೀರ್ಪಿಗೆ ಬಾರದೆ ಸ್ವಲ್ಪ ಹೊತ್ತು ತಡೆದುಕೊಳ್ಳುವುದೇ ಯೋಚನೆಯ ಜೀವಾಳ ಎಂಬ ಅರ್ಥದಲ್ಲಿ ಅವರು ಬರೆದರು. ಎಐ ಕಸಿದುಕೊಳ್ಳುವುದು ನಿಖರವಾಗಿ ಈ ತಡೆದುಕೊಳ್ಳುವ ಹೊತ್ತನ್ನು. ಪ್ರಶ್ನೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಉತ್ತರ ಬಂದು ಕೂತಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ‘ಮಾಹಿತಿಯೆಲ್ಲ ಎಐ ಹತ್ತಿರ ಇದೆಯಲ್ಲ, ಮಕ್ಕಳಿಗೆ ಸುಮ್ನೆ ಯೋಚಿಸುವುದನ್ನು ಕಲಿಸಿದರೆ ಸಾಕು’ ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಹಾಗೆ ಆಗುವುದಿಲ್ಲ. ಕಲಿಕೆಯ ಮನೋವಿಜ್ಞಾನ ಅಭ್ಯಾಸ ಮಾಡುವ ಡೇನಿಯಲ್ ವಿಲಿಂಗ್‌ಹ್ಯಾಮ್ 2007ರ ಒಂದು ಪ್ರಸಿದ್ಧ ಲೇಖನದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ವಿಮರ್ಶಾತ್ಮಕ ಚಿಂತನೆ ಸೈಕಲ್ ಹೊಡೆದ ಹಾಗಲ್ಲ, ಒಮ್ಮೆ ಕಲಿತರೆ ಎಲ್ಲ ರಸ್ತೆಯಲ್ಲೂ ನಡೆಯುವಂಥದ್ದಲ್ಲ. ಅದು ವಿಷಯದ ಜ್ಞಾನಕ್ಕೆ ಅಂಟಿಕೊಂಡಿರುತ್ತದೆ. ಇತಿಹಾಸ ಗೊತ್ತಿಲ್ಲದ ಮಗು ಇತಿಹಾಸದ ಸುಳ್ಳನ್ನು ಹಿಡಿಯಲಾರದು. ಶೇಕಡಾ ಲೆಕ್ಕ ಬಾರದ ಮಗುವಿಗೆ ಶೇಕಡಾ ತೋರಿಸಿ ಯಾರು ಬೇಕಾದರೂ ಮೋಸ ಮಾಡಬಹುದು. ಹಾಗಾಗಿ ಎಐ ಬಂದ ಮೇಲೆ ಪಾಠ ಕಡಿಮೆ ಸಾಕು ಎನ್ನುವುದು ತಲೆಕೆಳಗಾದ ವಾದ. ಎಐಯ ಉತ್ತರವನ್ನು ಅಳೆಯಲು ಮಗುವಿನ ತಲೆಯಲ್ಲಿ ಮೊದಲಿಗಿಂತ ಜಾಸ್ತಿ ತಿಳಿವಳಿಕೆ ಇರಬೇಕಾಗುತ್ತದೆ.

ಎಐ ಸುಳ್ಳು ಹೇಳುತ್ತದಾ? ಸುಳ್ಳು ಅನ್ನುವುದು ಸರಿಯಾದ ಪದವಲ್ಲ. ಚಾಟ್‌ಜಿಪಿಟಿಯಂಥ ಎಐಗಳ ಒಳಗಿರುವ ಭಾಷಾ ಮಾದರಿಗಳನ್ನು ಲೆಕ್ಕವಿಲ್ಲದಷ್ಟು ಬರಹ ಓದಿಸಿ, ಇಷ್ಟು ಪದಗಳಾದ ಮೇಲೆ ಮುಂದೆ ಯಾವ ಪದ ಬರಬಹುದು ಎಂದು ಊಹಿಸಲು ಪಳಗಿಸುತ್ತಾರೆ. ಊಹೆ ಎಷ್ಟೋ ಸಲ ನಿಜವೇ ಆಗಿರುತ್ತದೆ. ಆಗದಿದ್ದಾಗಲೂ ಮಾತಿನ ಓಘ, ಧೈರ್ಯ ಒಂದಿಷ್ಟೂ ಕುಗ್ಗುವುದಿಲ್ಲ. ಮನುಷ್ಯರಲ್ಲಿ ತಡವರಿಸುವುದು ಅನುಮಾನದ ಗುರುತು. ಎಐಗೆ ಆ ತಡವರಿಕೆ ಇಲ್ಲ.

2023ರಲ್ಲಿ ನ್ಯೂಯಾರ್ಕ್‌ನ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಒಂದು ಅರ್ಜಿಯಲ್ಲಿ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದ್ದರು. ಎದುರು ಪಕ್ಷದವರು ಹುಡುಕಿದರೆ ಅವುಗಳಲ್ಲಿ ಹಲವು ಮೊಕದ್ದಮೆಗಳು ನಡೆದೇ ಇರಲಿಲ್ಲ. ಅವೆಲ್ಲ ಚಾಟ್‌ಜಿಪಿಟಿ ಹೆಣೆದದ್ದು. ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು. ಈ ಪ್ರಕರಣದ ಒಂದು ವಿವರವನ್ನು ಪ್ರತಿ ತರಗತಿಯಲ್ಲೂ ಹೇಳಬೇಕು. ಒಬ್ಬ ವಕೀಲರಿಗೆ ನಡುವೆ ಅನುಮಾನ ಬಂದಿತ್ತು. ಅವರು ಪರೀಕ್ಷಿಸಿಯೂ ನೋಡಿದ್ದರು. ಹೇಗೆ ಗೊತ್ತಾ? ‘ಇದು ನಿಜವಾದ ಮೊಕದ್ದಮೆಯಾ?’ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಅದು ಹೌದು ಎಂದಿತ್ತು. ಆರೋಪಿಯನ್ನೇ ಸಾಕ್ಷಿ ಮಾಡಿದ ಹಾಗಾಯಿತು. ಅನುಮಾನ ಪಡುವುದು ಅರ್ಧ ಕೆಲಸ ಮಾತ್ರ. ಅನುಮಾನವನ್ನು ಎಲ್ಲಿಗೆ ಹೊತ್ತುಕೊಂಡು ಹೋಗಬೇಕು ಎಂದು ತಿಳಿದಿರುವುದು ಉಳಿದರ್ಧ.

ಸರಿ, ಹಾಗಾದರೆ ಕಲಿಸುವುದು ಹೇಗೆ? ಒಂದು ಪಾಠವನ್ನು ಹತ್ತಿರದಿಂದ ನೋಡೋಣ.

ಬೋರ್ಡಿನ ಮೇಲೆ ಟೀಚರ್ ಒಂದು ವಾಕ್ಯ ಬರೆಯುತ್ತಾರೆ. ‘ಮನೆಯಲ್ಲಿ ಜಾಸ್ತಿ ಪುಸ್ತಕ ಇರುವ ಮಕ್ಕಳಿಗೆ ಜಾಸ್ತಿ ಅಂಕ ಬರುತ್ತದೆ. ಆದ್ದರಿಂದ ಪ್ರತಿ ಮನೆಗೂ 100 ಪುಸ್ತಕ ಕೊಟ್ಟರೆ ಎಲ್ಲರ ಅಂಕವೂ ಏರುತ್ತದೆ.’ ಮೊದಲ ಹತ್ತು ನಿಮಿಷ ಸ್ಕ್ರೀನ್ ಇಲ್ಲ. ಪೆನ್ನು, ಹಾಳೆ ಮಾತ್ರ. ಒಪ್ಪುತ್ತೀರಾ, ಯಾಕೆ ಎಂದು ಪ್ರತಿಯೊಬ್ಬರೂ ಬರೆಯಬೇಕು. ಒಬ್ಬ ಹುಡುಗಿ ಬರೆಯುತ್ತಾಳೆ: ‘ಒಪ್ಪುತ್ತೇನೆ. ಪುಸ್ತಕ ಓದಿದರೆ ಬುದ್ಧಿ ಬೆಳೆಯುತ್ತದೆ.’ ಎರಡೇ ಸಾಲು. ಪರವಾಗಿಲ್ಲ, ಅದು ಅವಳದ್ದು.

ಆಮೇಲೆ ಎಐ ತೆರೆಯುತ್ತಾರೆ. ಅದಕ್ಕೆ ಕೊಡುವ ಸೂಚನೆ ಹೀಗೆ: ‘ನನಗೆ ಉತ್ತರ ಹೇಳಬೇಡ. ನನ್ನ ವಾದದಲ್ಲಿ ಎಲ್ಲಿ ಸಡಿಲ ಇದೆಯೋ ಅಲ್ಲಿ ಪ್ರಶ್ನೆ ಕೇಳು. ಒಂದು ಸಲಕ್ಕೆ ಒಂದೇ ಪ್ರಶ್ನೆ. ನಾನು ಉತ್ತರ ಕೊಡುವ ತನಕ ಮುಂದೆ ಹೋಗಬೇಡ.’ ಹುಡುಗಿ ತನ್ನ ಎರಡು ಸಾಲು ಹಾಕುತ್ತಾಳೆ. ಮಾತುಕತೆ ಹೀಗೆ ಸಾಗಬಹುದು.

‘ಪುಸ್ತಕ ಮನೆಯಲ್ಲಿ ಇದ್ದರೆ ಸಾಕೋ, ಯಾರಾದರೂ ಓದಬೇಕೋ?’

‘ಓದಬೇಕು. ಆದರೆ ಇದ್ದರೆ ತಾನೇ ಓದೋದು.’

‘ಜಾಸ್ತಿ ಪುಸ್ತಕ ಇರುವ ಮನೆಗಳಲ್ಲಿ ಪುಸ್ತಕ ಅಲ್ಲದೆ ಬೇರೆ ಏನೇನು ಜಾಸ್ತಿ ಇರಬಹುದು?’

ಇಲ್ಲಿ ಅವಳು ನಿಲ್ಲುತ್ತಾಳೆ. ಈ ನಿಲ್ಲುವಿಕೆಗಾಗಿಯೇ ಇಡೀ ಪಾಠ. ಟೀಚರ್ ಅವಸರ ಮಾಡಬಾರದು. ಪಕ್ಕದವಳು ಹೇಳಿಕೊಡಬಾರದು. ಸ್ವಲ್ಪ ಹೊತ್ತಿನ ಮೇಲೆ ಅವಳು ಟೈಪ್ ಮಾಡುತ್ತಾಳೆ: ‘ದುಡ್ಡು. ಓದಿರೋ ಅಪ್ಪ ಅಮ್ಮ. ಓದಿಕೊಳ್ಳೋಕೆ ಬೇರೆ ರೂಮು.’

‘ಹಾಗಿದ್ದರೆ ಅಂಕ ಹೆಚ್ಚಾಗಿದ್ದು ಪುಸ್ತಕದಿಂದಲೋ ಇವುಗಳಿಂದಲೋ ಎಂದು ಪತ್ತೆ ಮಾಡುವುದು ಹೇಗೆ?’

‘ಒಂದೇ ಥರದ ಮನೆಗಳನ್ನು ತಗೋಬೇಕು. ಅರ್ಧ ಮನೆಗೆ ಪುಸ್ತಕ ಕೊಡಬೇಕು, ಅರ್ಧಕ್ಕೆ ಕೊಡಬಾರದು. ಒಂದು ವರ್ಷ ಆದ ಮೇಲೆ ನೋಡಬೇಕು.’

ಹೋಲಿಕೆಯ ಗುಂಪು ಇಟ್ಟುಕೊಂಡು ಪ್ರಯೋಗ ಮಾಡುವ ಕಲ್ಪನೆಯನ್ನು ಆ ಹುಡುಗಿ ಈಗಷ್ಟೇ ತಾನೇ ಕಂಡುಕೊಂಡಳು. ಪಾಠದ ಮೊದಲ ಸಾಲಿನಲ್ಲೇ ಅದರ ವ್ಯಾಖ್ಯಾನ ಹೇಳಿ ಬರೆಸಿದ್ದರೆ ಉರು ಹೊಡೆದು ಪರೀಕ್ಷೆಯಲ್ಲಿ ಕಕ್ಕುತ್ತಿದ್ದಳು. ಅದೇ ಎಐಗೆ ‘ಈ ವಾದದಲ್ಲಿ ತಪ್ಪೇನು?’ ಎಂದು ನೇರ ಕೇಳಿದ್ದರೆ ಆರು ಅಂಶಗಳ ಅಚ್ಚುಕಟ್ಟಾದ ಪಟ್ಟಿ ಸಿಗುತ್ತಿತ್ತು. ಪಟ್ಟಿ ಸರಿಯಾಗಿಯೂ ಇರುತ್ತಿತ್ತು. ಆದರೆ ಅವಳದ್ದಾಗುತ್ತಿರಲಿಲ್ಲ.

40 ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರ್ ಪ್ರತಿ ಮಗುವಿನ ಪಕ್ಕ ಕೂತು ಹೀಗೆ ಕೆದಕಿ ಕೆದಕಿ ಕೇಳಲು ಆಗುವುದಿಲ್ಲ. ಎಐಯ ನಿಜವಾದ ಕೊಡುಗೆ ಇರುವುದು ಇಲ್ಲಿ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1984ರಲ್ಲಿ ಒಂದು ಸವಾಲು ಮುಂದಿಟ್ಟರು. ಒಬ್ಬರಿಗೆ ಒಬ್ಬರು ಕೂತು ಕಲಿಸಿದ ಮಕ್ಕಳು ಮಾಮೂಲಿ ತರಗತಿಯ ಮಕ್ಕಳಿಗಿಂತ ಎಷ್ಟೋ ಮುಂದೆ ಹೋಗುತ್ತಾರೆ, ಆದರೆ ಎಲ್ಲರಿಗೂ ಒಬ್ಬೊಬ್ಬ ಶಿಕ್ಷಕರನ್ನು ತರುವುದು ಹೇಗೆ ಎಂದು. ಬ್ಲೂಮ್ ತೋರಿಸಿದಷ್ಟು ದೊಡ್ಡ ಅಂತರ ಮುಂದಿನ ಅಧ್ಯಯನಗಳಲ್ಲಿ ಕಂಡಿಲ್ಲ. ಆದರೂ ಸವಾಲು ನಿಜವಾದದ್ದೇ. ಹಾರ್ವರ್ಡ್‌ನಲ್ಲಿ 194 ಭೌತವಿಜ್ಞಾನ ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಐ ಜೊತೆ ಕಲಿತವರು ಚೆನ್ನಾಗಿ ನಡೆಯುವ ತರಗತಿಯಲ್ಲಿ ಕಲಿತವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಲಿತರು. ಅದೂ ಕಡಿಮೆ ಹೊತ್ತಿನಲ್ಲಿ. ಆದರೆ ಅದು ಮಾರುಕಟ್ಟೆಯಿಂದ ತಂದು ಹಾಗೇ ಕೈಗಿಟ್ಟ ಚಾಟ್‌ಬಾಟ್ ಆಗಿರಲಿಲ್ಲ. ಒಂದು ಸಲಕ್ಕೆ ಒಂದೇ ಹೆಜ್ಜೆ, ಪೂರ್ತಿ ಉತ್ತರ ಬೇಡ, ಸರಿಯಾದ ಪರಿಹಾರ ಇದು ಎಂದೆಲ್ಲ ಅಧ್ಯಾಪಕರು ಕೂತು ಬರೆದುಕೊಟ್ಟಿದ್ದರು. ಎಐ ಬಂದದ್ದರಿಂದ ಮೇಷ್ಟ್ರ ಕೆಲಸ ಕಡಿಮೆಯಾಯಿತು ಅಂತ ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಇದು. ಕೆಲಸ ತರಗತಿಯಿಂದ ತಯಾರಿಗೆ ಜರುಗಿತು, ಅಷ್ಟೇ.

ಎಐ ತಯಾರಿಸುವವರಿಗೂ ಇದು ಗೊತ್ತಾಗಿದೆ. ಆನ್‌ಲೈನ್‌ನಲ್ಲಿ ಉಚಿತ ಪಾಠ ಕೊಡುವ ಖಾನ್ ಅಕಾಡೆಮಿಯ ಎಐ ಬೋಧಕ ಖಾನ್‌ಮಿಗೊ 2023ರಿಂದಲೂ ಉತ್ತರದ ಬದಲು ಪ್ರಶ್ನೆ ಕೇಳುವ ದಾರಿ ಹಿಡಿದಿದೆ. 2025ರಲ್ಲಿ ಕ್ಲಾಡ್, ಚಾಟ್‌ಜಿಪಿಟಿ, ಜೆಮಿನಿ ಎಂಬ ಮೂರು ಎಐಗಳಲ್ಲೂ ಕಲಿಕೆಗೆಂದೇ ಬೇರೆ ವಿಧಾನ ಬಂತು. ಒಳ್ಳೆಯದೇ. ಆದರೆ ಒಂದು ಗುಂಡಿ ಒತ್ತಿದರೆ ಮಾಮೂಲಿ ವಿಧಾನಕ್ಕೆ ವಾಪಸ್ ಹೋಗಬಹುದು. ರಾತ್ರಿ ಹನ್ನೊಂದಕ್ಕೆ, ಬೆಳಿಗ್ಗೆ ಕೊಡಬೇಕಾದ ಹೋಮ್‌ವರ್ಕ್ ಮುಂದಿಟ್ಟುಕೊಂಡ ಮಗು ಯಾವುದನ್ನು ಒತ್ತುತ್ತದೆ ಎಂದು ನಮಗೆಲ್ಲ ಗೊತ್ತು. ತಪ್ಪು ಮಗುವಿನದ್ದಲ್ಲ. ಹೋಮ್‌ವರ್ಕ್‌ನಲ್ಲಿ ನಾವು ಕೇಳುತ್ತಿರುವುದು ಉತ್ತರವನ್ನೇ ತಾನೇ?

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ಇದಕ್ಕೆ ಹತ್ತು ನಿಮಿಷ ಸಾಕು. ಅರ್ಧ ತರಗತಿ ಎಐಗೆ ಹೀಗೆ ಕೇಳಬೇಕು: ‘ಹೋಮ್‌ವರ್ಕ್ ಮಕ್ಕಳಿಗೆ ತುಂಬಾ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸರಿ ತಾನೇ?’ ಇನ್ನರ್ಧ ತರಗತಿ: ‘ಹೋಮ್‌ವರ್ಕ್‌ನಿಂದ ಮಕ್ಕಳಿಗೆ ಏನೂ ಉಪಯೋಗ ಇಲ್ಲ ಅಂತ ನನ್ನ ಅಭಿಪ್ರಾಯ. ಸರಿ ತಾನೇ?’ ಎರಡೂ ಉತ್ತರ ಪಕ್ಕಪಕ್ಕ ಇಟ್ಟು ಓದಬೇಕು. ಎಷ್ಟೋ ಸಲ ಎರಡೂ ಕಡೆ ‘ನಿಮ್ಮ ಮಾತಿನಲ್ಲಿ ಹುರುಳಿದೆ’ ಎಂದೇ ಶುರುವಾಗಿರುತ್ತದೆ. ಮಕ್ಕಳ ಮುಖ ಆಗ ನೋಡಬೇಕು. ಎಐಗೆ ಹೂಂಗುಟ್ಟುವ ಚಾಳಿ ಇದೆ. ಜನ ಮೆಚ್ಚಿದ ಉತ್ತರಗಳನ್ನು ನೋಡಿ ಅದು ಪಳಗಿರುತ್ತದೆ, ಜನಕ್ಕೆ ತಮ್ಮ ಮಾತಿಗೆ ಹೌದು ಅಂದವರೇ ಇಷ್ಟ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಬಳಕೆದಾರರನ್ನು ಎಷ್ಟು ಹೊಗಳತೊಡಗಿತೆಂದರೆ, ಓಪನ್‌ಎಐ ಕಂಪನಿಯೇ ಅದು ಅತಿಯಾಯಿತೆಂದು ಒಪ್ಪಿ ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡಿತು.

ಈ ಅಭ್ಯಾಸ ಮಾಡಿದ ಮಗುವಿಗೆ ಒಂದು ವಿಷಯ ಮನಸ್ಸಿಗೆ ಇಳಿಯುತ್ತದೆ. ಉತ್ತರದ ಬಣ್ಣ ಪ್ರಶ್ನೆಯಲ್ಲೇ ಬೆರೆತಿರುತ್ತದೆ. ಆಮೇಲೆ ಅದು ತಾನಾಗಿಯೇ ಕೇಳುವ ರೀತಿ ಬದಲಿಸುತ್ತದೆ: ‘ನನ್ನ ವಾದಕ್ಕೆ ವಿರುದ್ಧವಾಗಿ ಅತ್ಯಂತ ಗಟ್ಟಿಯಾದ ವಾದ ಯಾವುದು?’ ನನ್ನ ಪ್ರಕಾರ ಒಬ್ಬ ವಿದ್ಯಾರ್ಥಿ ಎಐಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದು. ಗೆಳೆಯರು ಬೇಸರ ಮಾಡಿಕೊಳ್ಳಬಹುದು, ಎಐಗೆ ಆ ಚಿಂತೆ ಇಲ್ಲ.

ಪರಿಶೀಲನೆ ಹೇಗೆ ಮಾಡಬೇಕು ಎನ್ನುವುದಕ್ಕೆ ಎಐ ಬರುವ ಮೊದಲೇ ಒಂದು ಒಳ್ಳೆಯ ಪಾಠ ಸಿಕ್ಕಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಸ್ಯಾಮ್ ವೈನ್‌ಬರ್ಗ್ ಅವರ ತಂಡ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಪರಿಶೀಲಕರು, 25 ವಿದ್ಯಾರ್ಥಿಗಳನ್ನು ಕೂರಿಸಿ ಕೆಲವು ವೆಬ್‌ಸೈಟ್ ತೋರಿಸಿತು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟವನ್ನೇ ಮೇಲಿನಿಂದ ಕೆಳಗೆ ಎಚ್ಚರಿಕೆಯಿಂದ ಓದಿದರು, ಎಷ್ಟೋ ಮಂದಿ ಮೋಸ ಹೋದರು. ಸತ್ಯಪರಿಶೀಲಕರು ಪುಟವನ್ನು ಸರಿಯಾಗಿ ಓದಲೂ ಇಲ್ಲ. ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಬೇಗ ಮುಗಿಸಿದರು, ಸರಿಯಾಗಿಯೂ ಹೇಳಿದರು. ಆ ತಂಡದ್ದೇ 2019ರ ಇನ್ನೊಂದು ಅಧ್ಯಯನದಲ್ಲಿ 3,446 ಪ್ರೌಢಶಾಲಾ ಮಕ್ಕಳಿಗೆ ಹವಾಮಾನ ಬದಲಾವಣೆ ಕುರಿತ ಒಂದು ವೆಬ್‌ಸೈಟ್ ಕೊಟ್ಟಿದ್ದರು. ಅದರ ಹಿಂದೆ ಇಂಧನ ಕಂಪನಿಗಳ ನಂಟು ಇತ್ತು. ಶೇ 96ರಷ್ಟು ಮಕ್ಕಳು ಆ ನಂಟಿನ ಕಡೆ ಗಮನವನ್ನೇ ಕೊಡಲಿಲ್ಲ.

ಎಐ ಬಂದ ಮೇಲೆ ಇದು ಇನ್ನೂ ಕಷ್ಟವಾಗಿದೆ. ವೆಬ್‌ಸೈಟಿಗೆ ವಿಳಾಸವಿತ್ತು, ನಡೆಸುವವರಿದ್ದರು. ಎಐಯ ಉತ್ತರಕ್ಕೆ ಎಷ್ಟೋ ಸಲ ಅದ್ಯಾವುದೂ ಇರುವುದಿಲ್ಲ, ಸಾವಿರ ಮೂಲಗಳು ಕಲಸಿ ಒಂದೇ ದನಿಯಾಗಿ ಬರುತ್ತವೆ. ಹಾಗಾಗಿ ಮಕ್ಕಳಿಗೆ ಒಂದು ರೂಢಿ ಹತ್ತಿಸಬೇಕು. ಎಐ ಕೊಟ್ಟ ಒಂದು ಪ್ಯಾರಾ ಪ್ರಿಂಟ್ ಮಾಡಿ ಕೊಡಿ. ಪರೀಕ್ಷಿಸಿ ನೋಡಬಹುದಾದ ಪ್ರತಿ ಮಾತಿಗೂ, ಅಂದರೆ ಇಸವಿ, ಸಂಖ್ಯೆ, ಹೆಸರು, ‘ಇದರಿಂದ ಅದಾಯಿತು’ ಎಂಬ ಹೇಳಿಕೆಗೆ, ಅಡಿಗೆರೆ ಎಳೆಯಲು ಹೇಳಿ. ಆಮೇಲೆ ಪಠ್ಯಪುಸ್ತಕ, ವಿಶ್ವಕೋಶ, ಮೂಲ ದಾಖಲೆಗಳಿಗೆ ಹೋಗಿ ಒಂದೊಂದನ್ನೇ ತಾಳೆ ನೋಡಬೇಕು. ಮೊದಲ ಸಲ ಮಕ್ಕಳಿಗೆ ಆಶ್ಚರ್ಯ ಆಗುವುದು ತಪ್ಪು ಸಿಕ್ಕಿದ್ದಕ್ಕಲ್ಲ. ನಾಲ್ಕು ಸಾಲಿನ ಪ್ಯಾರಾದಲ್ಲಿ ಅಷ್ಟೊಂದು ಅಡಿಗೆರೆ ಬೀಳುತ್ತದಲ್ಲ, ಅದಕ್ಕೆ.

ಎಷ್ಟೋ ಶಾಲೆಗಳು ಇದನ್ನೆಲ್ಲ ಬಿಟ್ಟು ಪೊಲೀಸ್ ಕೆಲಸಕ್ಕೆ ಇಳಿದಿವೆ. ಎಐ ಬರೆದದ್ದನ್ನು ಹಿಡಿಯುವ ಸಾಫ್ಟ್‌ವೇರ್ ಕೊಂಡು ಮಕ್ಕಳ ಪ್ರಬಂಧ ಜಾಲಾಡುತ್ತವೆ. 2023ರ ಒಂದು ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಇಂಥ 7 ಸಾಫ್ಟ್‌ವೇರ್‌ಗಳು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಶೇ 61ರಷ್ಟನ್ನು ಎಐ ಬರೆದದ್ದು ಎಂದು ಹೇಳಿದವು. ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಅದೇ ವರ್ಷ ಜುಲೈನಲ್ಲಿ ಮುಚ್ಚಿತು. ತಾನೇ ಬರೆದದ್ದನ್ನು ಕದ್ದದ್ದು ಅನ್ನಿಸಿಕೊಂಡ ಮಗುವಿಗೆ ಆಗುವ ನೋವು ಸಣ್ಣದಲ್ಲ. ಅದರ ಬದಲು ಮಗುವನ್ನು ಕರೆದು ‘ಈ ಸಾಲು ಯಾಕೆ ಬರೆದೆ? ಇದಕ್ಕೆ ವಿರುದ್ಧ ಯಾರಾದರೂ ಏನು ಹೇಳಬಹುದು?’ ಎಂದು ಐದು ನಿಮಿಷ ಕೇಳಿದರೆ ಎಲ್ಲ ಗೊತ್ತಾಗುತ್ತದೆ.

ವಯಸ್ಸಿನ ಮಾತೂ ಇದೆ. ಯುನೆಸ್ಕೊ 2023ರ ಮಾರ್ಗಸೂಚಿಯಲ್ಲಿ ತರಗತಿಯಲ್ಲಿ ಇಂಥ ಎಐ ಬಳಕೆಗೆ ಕನಿಷ್ಠ 13 ವರ್ಷ ಎಂದು ಸಲಹೆ ಕೊಟ್ಟಿತು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಟೀಚರ್ ತಾವೇ ಎಐ ಉತ್ತರ ತಂದು ಬೋರ್ಡಿನ ಮೇಲೆ ಬರೆದು ‘ಇದರಲ್ಲಿ ಏನು ಸರಿಯಿಲ್ಲ, ಹುಡುಕಿ’ ಎಂದರೂ ಸಾಕು. ಎಲ್ಲರ ಹತ್ತಿರ ಕಂಪ್ಯೂಟರ್ ಇಲ್ಲದ ತರಗತಿಗೂ ಇದೇ ದಾರಿ.

ಕೊನೆಗೆ ಎಲ್ಲ ಬಂದು ನಿಲ್ಲುವುದು ಅಂಕದ ಹತ್ತಿರ. ಮಕ್ಕಳು ನಾವು ಹೇಳಿದ್ದನ್ನಲ್ಲ, ನಾವು ಅಂಕ ಕೊಟ್ಟಿದ್ದನ್ನು ಕಲಿಯುತ್ತಾರೆ. ಪುಸ್ತಕ ಮತ್ತು ಅಂಕದ ಪಾಠವನ್ನೇ ತೆಗೆದುಕೊಳ್ಳಿ. ಹುಡುಗಿ ಮೂರು ಹಾಳೆ ಒಪ್ಪಿಸುತ್ತಾಳೆ ಎಂದಿಟ್ಟುಕೊಳ್ಳಿ. ಮೊದಲನೆಯದು ಅವಳ ಆ ಎರಡು ಸಾಲು. ಎರಡನೆಯದು ಎಐ ಜೊತೆಗಿನ ಪೂರ್ತಿ ಮಾತುಕತೆ. ಮೂರನೆಯದು ತಿದ್ದಿ ಬರೆದ ಉತ್ತರ, ಜೊತೆಗೆ ಎಲ್ಲಿ ಮನಸ್ಸು ಬದಲಾಯಿತು, ಯಾಕೆ ಎಂಬ ನಾಲ್ಕು ಸಾಲು. ಈಗಿನ ಪದ್ಧತಿಯಲ್ಲಿ ಅಂಕ ಸಿಗುವುದು ಮೂರನೇ ಹಾಳೆಯ ಉತ್ತರಕ್ಕೆ ಮಾತ್ರ. ಅದನ್ನು ಯಾವ ಎಐ ಬೇಕಾದರೂ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ನನ್ನ ಕೈಗೆ ಆ ಮೂರು ಹಾಳೆ ಬಂದರೆ 10 ಅಂಕದಲ್ಲಿ 3 ಮೊದಲನೇ ಹಾಳೆಗೆ, ಎಷ್ಟೇ ತಪ್ಪಿದ್ದರೂ. 2 ಕೊನೆಯ ಉತ್ತರಕ್ಕೆ. ಉಳಿದ 5 ಆ ನಾಲ್ಕು ಸಾಲಿಗೆ.